ಕಾರ್ಡ್‌ಲೆಸ್ ಉಪಕರಣಗಳಿಗೆ ಬದಲಿ ಬ್ಯಾಟರಿ: ಲೇಬಲ್ ನಂಬುವ ಮೊದಲು ಹಾಕಬೇಕಾದ ಲೆಕ್ಕ

ಕಾರ್ಡ್‌ಲೆಸ್ ಡ್ರಿಲ್, ಗ್ರೈಂಡರ್, ಗರಗಸ ಯಾವುದೇ ಇರಲಿ, ಅದರ ಮೋಟಾರು ಮತ್ತು ಗೇರುಗಳು ಇನ್ನೂ ಗಟ್ಟಿಯಾಗಿರುವಾಗಲೇ ಬ್ಯಾಟರಿ ಕೈಕೊಡುವುದು ಸಾಮಾನ್ಯ. ಬದಲಿ ಬ್ಯಾಟರಿ ಹುಡುಕಲು ಹೊರಟವರ ಮುಂದೆ ಒಂದೇ ಆಕಾರದ, ಒಂದೇ ಬಣ್ಣದ, ಆದರೆ ಬೆಲೆಯಲ್ಲಿ ಅಜಗಜಾಂತರವಿರುವ ಹತ್ತಾರು ಪ್ಯಾಕ್‌ಗಳು ಬಂದು ನಿಲ್ಲುತ್ತವೆ. ಅಗ್ಗದ ಪ್ಯಾಕ್‌ ಮೇಲೆ ನಮೂದಿಸಿದ ಸಾಮರ್ಥ್ಯ ದುಬಾರಿಯದಕ್ಕಿಂತ ಹೆಚ್ಚಿರುವುದೂ ಉಂಟು. ಲೇಬಲ್‌ ಮೇಲೆ ಏನನ್ನು ಬೇಕಾದರೂ ಅಚ್ಚು ಹಾಕಬಹುದು. ಒಳಗಿನ ಸೆಲ್‌ಗಳ ಎಣಿಕೆ, ಗಾತ್ರ ಮತ್ತು ತೂಕವನ್ನು ಮಾತ್ರ ಹಾಗೆ ಬದಲಿಸಲಾಗದು. ಆದ್ದರಿಂದ ಈ ಬರಹದ ಬಹುಪಾಲು ಆ ಮೂರನ್ನು ಹಿಡಿದು ಲೆಕ್ಕ ಹಾಕುವ ಬಗೆಗೇ ಮೀಸಲಾಗಿದೆ.

ಮೊದಲ ಪ್ರಶ್ನೆ: ಕೆಟ್ಟಿರುವುದು ಬ್ಯಾಟರಿಯೇ?

ಹೊಸ ಪ್ಯಾಕ್ ತರಿಸಿದ ಮೇಲೆ ದೋಷ ಚಾರ್ಜರ್‌ನಲ್ಲಿತ್ತು ಎಂದು ತಿಳಿಯುವುದು ಬೇಸರದ ಸಂಗತಿ. ಅದಕ್ಕಾಗಿ ಮೊದಲು ಪ್ಯಾಕ್, ಉಪಕರಣ ಮತ್ತು ಚಾರ್ಜರ್ ಮೂರರ ಲೋಹದ ಸಂಪರ್ಕಪಟ್ಟಿಗಳನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಮರದ ಪುಡಿ ಮತ್ತು ಸಿಮೆಂಟಿನ ಧೂಳು ಅಲ್ಲಿ ಕೂತರೆ ಒಳ್ಳೆಯ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ. ಅದೇ ಸರಣಿಯ ಇನ್ನೊಂದು ಪ್ಯಾಕ್ ಯಾರ ಬಳಿಯಾದರೂ ಸಿಕ್ಕರೆ ಅದನ್ನು ಹಾಕಿ ನೋಡುವುದಕ್ಕಿಂತ ಸುಲಭವಾದ ಪರೀಕ್ಷೆ ಬೇರೆ ಇಲ್ಲ. ಕೆಲಸ ಮುಗಿಸಿದ ಕೂಡಲೇ, ಪ್ಯಾಕ್ ಇನ್ನೂ ಬಿಸಿಯಾಗಿರುವಾಗ ಚಾರ್ಜರ್‌ಗೆ ಹಾಕಿದರೆ ಅನೇಕ ಚಾರ್ಜರ್‌ಗಳು ತಣಿಯುವವರೆಗೆ ಕಾಯುತ್ತವೆ. ಮಿನುಗುವ ದೀಪವನ್ನು ದೋಷವೆಂದು ತಪ್ಪು ತಿಳಿಯಬಾರದು.

ಮಲ್ಟಿಮೀಟರ್ ಇದ್ದವರು ಧನ ಮತ್ತು ಋಣ ತುದಿಗಳ ನಡುವಿನ ವೋಲ್ಟೇಜ್ ಅಳೆಯಬಹುದು. 18 ವೋಲ್ಟ್ ಎಂದು ಕರೆಯಲಾಗುವ ಲಿಥಿಯಂ-ಅಯಾನ್ ಪ್ಯಾಕ್ ಪೂರ್ತಿ ಚಾರ್ಜ್ ಆದಾಗ ಸುಮಾರು 21 ವೋಲ್ಟ್ ತೋರಿಸಬೇಕು. ಆದರೆ ಈ ಒಂದೇ ಅಳತೆಯನ್ನು ನೆಚ್ಚಿಕೊಂಡು ತೀರ್ಪು ಕೊಡಲಾಗದು, ಏಕೆಂದರೆ ಮುದಿ ಬ್ಯಾಟರಿ ಸುಮ್ಮನಿದ್ದಾಗ ಚೆನ್ನಾಗಿಯೇ ಕಾಣುತ್ತದೆ, ಹೊರೆ ಬಿದ್ದಾಗ ಕುಸಿಯುತ್ತದೆ. ಡ್ರಿಲ್ ಖಾಲಿ ತಿರುಗುವಾಗ ಸರಾಗವಾಗಿದ್ದು, ಗಟ್ಟಿ ಮರಕ್ಕೆ ಉದ್ದನೆಯ ಸ್ಕ್ರೂ ಇಳಿಸುವಾಗ ಥಟ್ಟನೆ ನಿಂತು, ಟ್ರಿಗರ್ ಬಿಟ್ಟು ಮತ್ತೆ ಒತ್ತಿದರೆ ಅರೆಕ್ಷಣ ತಿರುಗಿ ಪುನಃ ನಿಲ್ಲುವುದಾದರೆ, ಸೆಲ್‌ಗಳ ಆಂತರಿಕ ರೋಧ, ಅಂದರೆ ವಿದ್ಯುತ್ ಹರಿವಿಗೆ (ಕರೆಂಟ್‌ಗೆ) ಅವು ಒಳಗೇ ಒಡ್ಡುವ ತಡೆ, ಹೆಚ್ಚಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಇದನ್ನು ಅಂಕಿಗಳಲ್ಲಿ ನೋಡೋಣ. ಸರಣಿಯಲ್ಲಿರುವ 5 ಸೆಲ್‌ಗಳಲ್ಲಿ ಒಂದೊಂದರ ರೋಧ 20 ಮಿಲಿಓಮ್ ಇದ್ದು ಮೋಟಾರು 30 ಆಂಪಿಯರ್ ಎಳೆದರೆ ತುಂಬಿದ 21 ವೋಲ್ಟ್‌ನಲ್ಲಿ 3 ವೋಲ್ಟ್ ಒಳಗೇ ಕಳೆದುಹೋಗಿ ಮೋಟಾರಿಗೆ 18 ವೋಲ್ಟ್ ಉಳಿಯುತ್ತದೆ. ವಯಸ್ಸಾದಂತೆ ಆ ರೋಧ 60 ಮಿಲಿಓಮ್‌ಗೆ ಏರಿತೆಂದರೆ ಕಳೆದುಹೋಗುವುದು 9 ವೋಲ್ಟ್, ಉಳಿಯುವುದು 12. ಒಂದು ಸೆಲ್‌ಗೆ 2.5 ವೋಲ್ಟ್‌ನಂತೆ 12.5 ವೋಲ್ಟ್‌ಗೆ ಕೆಳಗಿಳಿದರೆ ಹರಿವನ್ನು ಕಡಿದುಹಾಕುವ ರಕ್ಷಣೆ ಇರುವ ಉಪಕರಣ ಅಲ್ಲಿಗೆ ನಿಂತುಬಿಡುತ್ತದೆ. ಪ್ಯಾಕ್‌ನಲ್ಲಿ ಚಾರ್ಜ್ ಇನ್ನೂ ಮುಕ್ಕಾಲು ಪಾಲು ಇದ್ದರೂ ಅದು ಕೈಗೆಟುಕುವುದಿಲ್ಲ.

ಯಾವ ರಸಾಯನ, ಎಷ್ಟು ವೋಲ್ಟ್

ಬದಲಿ ಪ್ಯಾಕ್ ಹಳೆಯದರ ರಸಾಯನಕ್ಕೂ ವೋಲ್ಟೇಜ್‌ಗೂ ಹೊಂದಬೇಕು. ಕಾರ್ಡ್‌ಲೆಸ್ ಡ್ರಿಲ್ 1961ರಲ್ಲಿ ಮೊದಲು ಮಾರುಕಟ್ಟೆಗೆ ಬಂದಾಗ ಅದರೊಳಗಿದ್ದುದು ನಿಕಲ್-ಕ್ಯಾಡ್ಮಿಯಂ. ಆಮೇಲೆ ನಿಕಲ್-ಮೆಟಲ್ ಹೈಡ್ರೈಡ್ ಸೇರಿಕೊಂಡಿತು. ಲಿಥಿಯಂ-ಅಯಾನ್ ಸೆಲ್‌ಗಳು 1991ರಲ್ಲೇ ವಾಣಿಜ್ಯವಾಗಿ ಬಂದರೂ ಭಾರಿ ಹರಿವು ಬೇಡುವ ಉಪಕರಣಗಳಿಗೆ ಅವು ಕಾಲಿಟ್ಟಿದ್ದು 2005ರ ಆಸುಪಾಸಿನಲ್ಲಿ. ನಿಕಲ್ ಜಾತಿಯ ಎರಡೂ ಸೆಲ್‌ಗಳ ನಾಮಮಾತ್ರ ವೋಲ್ಟೇಜ್ (ಹೆಸರಿಸಲು ಬಳಸುವ ಸರಾಸರಿ ಅಂಕಿ) 1.2, ಹಾಗಾಗಿ ಹಳೆಯ 14.4 ವೋಲ್ಟ್ ಪ್ಯಾಕ್‌ನಲ್ಲಿ 12 ಸೆಲ್‌ಗಳೂ 18 ವೋಲ್ಟ್ ಪ್ಯಾಕ್‌ನಲ್ಲಿ 15 ಸೆಲ್‌ಗಳೂ ಇರುತ್ತವೆ. ಲಿಥಿಯಂ ಸೆಲ್‌ನ ನಾಮಮಾತ್ರ ವೋಲ್ಟೇಜ್ 3.6, ಪೂರ್ತಿ ತುಂಬಿದಾಗ 4.2.

ಈ ಎರಡು ಅಂಕಿಗಳು ನೆನಪಿದ್ದರೆ ಬಹುಜನರನ್ನು ಕಾಡುವ ಒಂದು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಐದು ಸೆಲ್‌ಗಳ ಸರಣಿಯನ್ನು 3.6ರಿಂದ ಗುಣಿಸಿದವರು 18 ವೋಲ್ಟ್ ಎನ್ನುತ್ತಾರೆ. ತುಂಬಿದ ಕ್ಷಣದ ಅಳತೆಗೆ ಹತ್ತಿರದ ಅಂಕಿಯನ್ನು ಹಿಡಿದವರು ಅದನ್ನೇ 20 ವೋಲ್ಟ್ ಮ್ಯಾಕ್ಸ್ ಎನ್ನುತ್ತಾರೆ. ಮೂರು ಸೆಲ್‌ಗಳ 10.8 ವೋಲ್ಟ್ ಇನ್ನೊಬ್ಬರ ಬಾಯಲ್ಲಿ 12 ವೋಲ್ಟ್ ಮ್ಯಾಕ್ಸ್, ಹತ್ತು ಸೆಲ್‌ಗಳ 36 ವೋಲ್ಟ್ ಮತ್ತೊಬ್ಬರಿಗೆ 40 ವೋಲ್ಟ್ ಮ್ಯಾಕ್ಸ್. ವಸ್ತು ಒಂದೇ, ಹೆಸರು ಬೇರೆ. ಆದರೆ ಐದೇ ಸೆಲ್‌ಗಳ ಸರಣಿಯಿರುವ ಪ್ಯಾಕ್ ಮೇಲೆ 48, 88 ಎಂದೆಲ್ಲ ಬರೆದು ಮಾರುವುದನ್ನು ಈ ಲೆಕ್ಕದಿಂದ ಸಮರ್ಥಿಸಲು ಸಾಧ್ಯವಿಲ್ಲ. ಅಂಥ ಅಂಕಿ ಕಂಡಲ್ಲಿ ಉಳಿದ ವಿವರಗಳನ್ನೂ ನಂಬದಿರುವುದು ಲೇಸು.

ನಿಕಲ್-ಕ್ಯಾಡ್ಮಿಯಂ ಉಪಕರಣ ಇಟ್ಟುಕೊಂಡವರ ದಾರಿ ಸ್ವಲ್ಪ ಕಿರಿದು. ಕ್ಯಾಡ್ಮಿಯಂ ವಿಷಕಾರಿ ಲೋಹ. ಯುರೋಪಿಯನ್ ಒಕ್ಕೂಟವು ಸಣ್ಣ ಬ್ಯಾಟರಿಗಳಲ್ಲಿ ಅದರ ಬಳಕೆಯನ್ನು ಮೊದಲೇ ನಿರ್ಬಂಧಿಸಿದ್ದರೂ ಕಾರ್ಡ್‌ಲೆಸ್ ಉಪಕರಣಗಳಿಗೆ ಕೊಟ್ಟಿದ್ದ ವಿನಾಯಿತಿಯನ್ನು 2016ರ ಕೊನೆಗೆ ಮುಗಿಸಿತು. ಅಂಥ ಉಪಕರಣಕ್ಕೆ ನಿಕಲ್-ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕಬಹುದು, ವೋಲ್ಟೇಜ್ ಒಂದೇ ಆದ್ದರಿಂದ ಮೋಟಾರಿಗೆ ತೊಂದರೆಯಿಲ್ಲ. ತೊಂದರೆ ಇರುವುದು ಚಾರ್ಜರ್‌ನಲ್ಲಿ: ಪ್ಯಾಕ್ ತುಂಬಿದಾಗ ವೋಲ್ಟೇಜ್ ತುಸು ಇಳಿಯುವುದನ್ನು ಗುರುತಿಸಿ ನಿಲ್ಲುವ ಹಳೆಯ ಚಾರ್ಜರ್‌ಗೆ ಹೈಡ್ರೈಡ್ ಸೆಲ್‌ಗಳ ಇನ್ನೂ ಸಣ್ಣ ಇಳಿತ ಕಾಣದೆ ಹೋಗಬಹುದು, ಆಗ ಪ್ಯಾಕ್ ಅತಿಯಾಗಿ ಚಾರ್ಜ್ ಆಗಿ ಬಿಸಿಯಾಗುತ್ತದೆ. ಎರಡೂ ರಸಾಯನಗಳಿಗೆ ಒಪ್ಪುವುದೆಂದು ಬರೆದಿರುವ ಚಾರ್ಜರನ್ನೇ ಬಳಸಬೇಕು. ನಿಕಲ್ ಚಾರ್ಜರ್‌ಗೆ ಲಿಥಿಯಂ ಪ್ಯಾಕ್ ಹಾಕುವುದು ಯಾವ ಕಾರಣಕ್ಕೂ ಕೂಡದು. ಲಿಥಿಯಂ ಸೆಲ್‌ಗೆ ಮೊದಲು ಸ್ಥಿರ ಹರಿವು, 4.2 ವೋಲ್ಟ್ ತಲುಪಿದ ಮೇಲೆ ಸ್ಥಿರ ವೋಲ್ಟೇಜ್ ಬೇಕು; ನಿಕಲ್ ಚಾರ್ಜರ್‌ಗೆ ಆ ಎಲ್ಲೆಯೇ ಗೊತ್ತಿಲ್ಲ.

ಸಾಮರ್ಥ್ಯದ ಲೆಕ್ಕ

ಇನ್ನು ಹೆಚ್ಚು ಜನ ಮೋಸಹೋಗುವ ಆಂಪಿಯರ್-ಅವರ್ ವಿಚಾರ, ಅಂದರೆ ಎಷ್ಟು ಆಂಪಿಯರ್ ಹರಿವನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ. ಪ್ಯಾಕ್‌ ಒಳಗಿರುವುದು ಹೆಚ್ಚಾಗಿ ಎರಡೇ ಗಾತ್ರದ ಉರುಳೆಯಾಕಾರದ ಸೆಲ್‌ಗಳು. 18650 ಎಂದರೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. 21700 ಎಂದರೆ 21 ಮಿಲಿಮೀಟರ್ ವ್ಯಾಸ, 70 ಮಿಲಿಮೀಟರ್ ಉದ್ದ. ಉಪಕರಣಗಳಿಗೆ ತಕ್ಕ, ಹೆಚ್ಚು ಹರಿವು ಕೊಡಬಲ್ಲ 18650 ಸೆಲ್‌ನ ಸಾಮರ್ಥ್ಯ ಸಾಮಾನ್ಯವಾಗಿ 1.5ರಿಂದ 3 ಆಂಪಿಯರ್-ಅವರ್. ಹರಿವನ್ನು ಬಿಟ್ಟುಕೊಟ್ಟು ಸಾಮರ್ಥ್ಯಕ್ಕೇ ಒತ್ತು ಕೊಟ್ಟ ಸೆಲ್‌ಗಳಲ್ಲೂ ಅದು 3.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. 21700 ಸೆಲ್‌ಗೆ 4ರಿಂದ 5.

18 ವೋಲ್ಟ್‌ನ ತೆಳು ಪ್ಯಾಕ್‌ನಲ್ಲಿ ಐದು ಸೆಲ್‌ಗಳು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿರುತ್ತವೆ. ಸರಣಿಯಲ್ಲಿ ವೋಲ್ಟೇಜ್ ಕೂಡುತ್ತದೆ, ಆಂಪಿಯರ್-ಅವರ್ ಕೂಡುವುದಿಲ್ಲ. ಆದ್ದರಿಂದ 18650 ಸೆಲ್‌ಗಳ ತೆಳು ಪ್ಯಾಕ್ 1.5ರಿಂದ 3 ಆಂಪಿಯರ್-ಅವರ್ ಮೀರದು. ದಪ್ಪ ಪ್ಯಾಕ್‌ನಲ್ಲಿ ಎರಡೆರಡು ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಿ ಅಂಥ ಐದು ಜೋಡಿಗಳನ್ನು ಸರಣಿಯಲ್ಲಿ ಇಡುತ್ತಾರೆ. ಆಗ 2.5ರ ಎರಡು ಸೇರಿ 5, 3ರ ಎರಡು ಸೇರಿ 6. ಅಲ್ಲಿಗೆ 18650 ಸೆಲ್‌ಗಳ ಹತ್ತರ ಪ್ಯಾಕ್ ಹೆಚ್ಚೆಂದರೆ 6ರಿಂದ 7. ಅದೇ ಗಾತ್ರದ ಹೊರಕವಚದ ಮೇಲೆ 9 ಅಥವಾ 12 ಎಂದು ಬರೆದಿದ್ದರೆ ಒಳಗೆ ಅಷ್ಟು ತುಂಬಲು ಜಾಗವೇ ಇಲ್ಲವೆಂದು ಖಚಿತವಾಗಿ ಹೇಳಬಹುದು. 8 ಅಥವಾ 10 ಆಂಪಿಯರ್-ಅವರ್ ನಿಜವಾಗಿ ಬೇಕಿದ್ದರೆ 21700 ಸೆಲ್‌ಗಳು ಬೇಕು, ಅವು ಕೂತ ಪ್ಯಾಕ್ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿಯೂ ಭಾರವಾಗಿಯೂ ಇರುತ್ತದೆ.

ಭಾರದ ಮಾತು ಬಂದಾಗ ಹೇಳಲೇಬೇಕಾದ ಒಂದು ಅನುಭವವಿದೆ. 6 ಆಂಪಿಯರ್-ಅವರ್ ಎಂದು ಹೇಳಿಕೊಂಡ ಒಂದು ಅಗ್ಗದ ಪ್ಯಾಕನ್ನು ನಾನು ತರಿಸಿಕೊಂಡಿದ್ದೆ. ದಪ್ಪ ಕವಚ, ನುಣುಪಾದ ಲೇಬಲ್, ಚಾರ್ಜ್ ತೋರಿಸುವ ನಾಲ್ಕು ದೀಪಗಳು, ಎಲ್ಲವೂ ಇದ್ದವು. ಕೈಗೆತ್ತಿಕೊಂಡಾಗ ಮಾತ್ರ ಏನೋ ಹಗುರವೆನಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟೆ: 410 ಗ್ರಾಂ. ಒಂದು 18650 ಸೆಲ್ ಸುಮಾರು 45ರಿಂದ 48 ಗ್ರಾಂ ತೂಗುತ್ತದೆ, ಹತ್ತು ಸೆಲ್‌ಗಳಿಗೇ 450 ದಾಟಬೇಕು, ಕವಚ ಮತ್ತು ಸರ್ಕಿಟ್ ಬೋರ್ಡ್ ಸೇರಿದರೆ 600ರ ಮೇಲೆ. ನಕ್ಷತ್ರಾಕಾರದ ತಲೆಯ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಕೆಳಸಾಲಿನಲ್ಲಿ ಐದು ಸೆಲ್‌ಗಳು, ಮೇಲ್ಸಾಲಿನ ಐದು ಗೂಡುಗಳು ಖಾಲಿ. ಅಂದಿನಿಂದ ಯಾವ ಪ್ಯಾಕ್ ಬಂದರೂ ಮೊದಲು ತಕ್ಕಡಿಗೆ ಹೋಗುತ್ತದೆ, ಆಮೇಲೆ ಚಾರ್ಜರ್‌ಗೆ. ಕೊಳ್ಳುವ ಮೊದಲೇ ಮಾರಾಟದ ವಿವರದಲ್ಲಿ ತೂಕ ಕೊಟ್ಟಿದ್ದರೆ ಈ ಭಾಗಾಕಾರವನ್ನು ಮನೆಯಲ್ಲೇ ಕೂತು ಮಾಡಬಹುದು. ಸೆಲ್‌ಗಳ ತೂಕ ಸರಿಹೊಂದಿದ ಮಾತ್ರಕ್ಕೆ ಒಳಗಿರುವುದು ಉತ್ತಮ ಸೆಲ್ ಎಂದಾಗುವುದಿಲ್ಲ. ಆದರೆ ತೂಕ ಕಡಿಮೆಯಾದರೆ ಅಲ್ಲಿಗೆ ವಿಚಾರಣೆ ಮುಗಿಯಿತು.

ಸಾಮರ್ಥ್ಯದಷ್ಟೇ ಮುಖ್ಯವಾದ, ಆದರೆ ಲೇಬಲ್‌ನಲ್ಲಿ ಎಲ್ಲಿಯೂ ಕಾಣದ ಇನ್ನೊಂದು ಗುಣ ಹರಿವು. ಲ್ಯಾಪ್‌ಟಾಪ್‌ಗೆಂದು ಮಾಡಿದ 3.5 ಆಂಪಿಯರ್-ಅವರ್ ಸೆಲ್ 10 ಆಂಪಿಯರ್ ಆಸುಪಾಸಿನಲ್ಲೇ ಬಳಲುತ್ತದೆ. ಉಪಕರಣಗಳಿಗೆಂದೇ ಮಾಡಿದ 2.5ರ ಸೆಲ್ 20 ಆಂಪಿಯರನ್ನು ನಿರಾಯಾಸವಾಗಿ ಕೊಡುತ್ತದೆ. ಕೋನ ಗ್ರೈಂಡರ್ ಅಥವಾ ವೃತ್ತಾಕಾರದ ಗರಗಸಕ್ಕೆ ಮೊದಲನೆಯದನ್ನು ಕಟ್ಟಿದರೆ ಕಾಗದದ ಮೇಲಿನ ಅಂಕಿ ದೊಡ್ಡದು, ಕೈಯಲ್ಲಿನ ಕೆಲಸ ಚಿಕ್ಕದು, ಪ್ಯಾಕ್ ಮಾತ್ರ ಕಾದ ಹೆಂಚು. ದಪ್ಪ ಪ್ಯಾಕ್ ಹಾಕಿದಾಗ ಡ್ರಿಲ್‌ಗೆ ಬಲವೂ ಹೆಚ್ಚಿದಂತೆ ಅನಿಸುವುದು ಭ್ರಮೆಯಲ್ಲ ಎಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ: ಸಮಾಂತರದ ಎರಡು ಸೆಲ್‌ಗಳು 30 ಆಂಪಿಯರನ್ನು 15ರಂತೆ ಹಂಚಿಕೊಳ್ಳುವುದರಿಂದ ಮೇಲೆ ಹೇಳಿದ 3 ವೋಲ್ಟ್ ನಷ್ಟ 1.5ಕ್ಕೆ ಇಳಿಯುತ್ತದೆ. ತಲೆಯ ಮೇಲೆ ಕೈಯೆತ್ತಿ ಸಣ್ಣ ಸ್ಕ್ರೂ ಹಾಕುವವರಿಗೆ 2 ಆಂಪಿಯರ್-ಅವರ್‌ನ ತೆಳು ಪ್ಯಾಕೇ ಸುಖ. ಕಡಿಯುವ, ಉಜ್ಜುವ ಕೆಲಸಕ್ಕೆ ದಪ್ಪದ್ದು ಬೇಕು.

ಕವಚ ಕೂತರೆ ಸಾಲದು

ಪ್ಯಾಕ್ ಉಪಕರಣದೊಳಗೆ ಸರಕ್ಕನೆ ಜಾರಿ ಕೂತ ಮಾತ್ರಕ್ಕೆ ಹೊಂದಿತೆಂದು ತಿಳಿಯಬಾರದು. ಧನ ಋಣ ತುದಿಗಳ ನಡುವೆ ಇರುವ ಸಣ್ಣ ಪಿನ್‌ಗಳು ತಾಪಮಾನದ ಸಂವೇದಕವನ್ನೋ ಸೆಲ್‌ಗಳ ಸ್ಥಿತಿಯನ್ನೋ ಚಾರ್ಜರ್‌ಗೂ ಉಪಕರಣಕ್ಕೂ ತಿಳಿಸುತ್ತವೆ. ಎಲ್ಲ ತಯಾರಕರೂ ರಕ್ಷಣೆಯನ್ನು ಪ್ಯಾಕ್‌ ಒಳಗೇ ಇಡುವುದಿಲ್ಲ ಎಂಬುದು ಇಲ್ಲಿ ಮುಖ್ಯ: ಕೆಲವರ ವಿನ್ಯಾಸದಲ್ಲಿ ಕಡಿಮೆ ವೋಲ್ಟೇಜ್ ಗುರುತಿಸಿ ನಿಲ್ಲಿಸುವ ಹೊಣೆ ಉಪಕರಣದ್ದು. ಆದ್ದರಿಂದ ಒಂದು ಬ್ರ್ಯಾಂಡಿನ ಪ್ಯಾಕನ್ನು ಇನ್ನೊಂದರ ಡ್ರಿಲ್‌ಗೆ, ಅಥವಾ ಲಿಥಿಯಂ ಪ್ಯಾಕನ್ನು ಹಳೆಯ ನಿಕಲ್ ಡ್ರಿಲ್‌ಗೆ ಜೋಡಿಸುವ ಅಡಾಪ್ಟರ್ ಬಳಸಿದಾಗ ಆ ಹೊಣೆ ಯಾರ ಪಾಲಿಗೂ ಬಾರದೆ, ಮೋಟಾರು ಸೆಲ್‌ಗಳನ್ನು ಪೂರ್ತಿ ಹಿಂಡಿಬಿಡುವ ಅಪಾಯವಿದೆ. ಸುಮಾರು 2 ವೋಲ್ಟ್‌ಗಿಂತ ಕೆಳಗೆ ಬಹುಕಾಲ ಉಳಿದ ಲಿಥಿಯಂ ಸೆಲ್‌ನೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗಬಹುದು. ಸತ್ತ ಪ್ಯಾಕ್‌ಗೆ ಇನ್ನೊಂದು ಬ್ಯಾಟರಿಯಿಂದ ತಂತಿ ಮುಟ್ಟಿಸಿ ಎಬ್ಬಿಸುವ ಉಪಾಯವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಅಡಾಪ್ಟರ್ ಬಳಸಲೇಬೇಕೆಂದಿದ್ದರೆ ಕಡಿಮೆ ವೋಲ್ಟೇಜ್‌ನಲ್ಲಿ ತಾನೇ ಕಡಿದುಕೊಳ್ಳುವ ಸರ್ಕಿಟ್ ಇರುವುದನ್ನೇ ಆರಿಸಿ, ಮೋಟಾರಿನ ಸದ್ದು ಇಳಿದ ಕೂಡಲೇ ಪ್ಯಾಕ್ ತೆಗೆಯಬೇಕು.

ಮೂಲ ತಯಾರಕರ ಪ್ಯಾಕ್ ಮತ್ತು ಬೇರೆಯವರ ಪ್ಯಾಕ್ ನಡುವೆ ಆಯ್ಕೆ ಮಾಡುವಾಗ ನನ್ನ ಅಭಿಪ್ರಾಯ ಸರಳವಾಗಿದೆ. ಗ್ರೈಂಡರ್, ಗರಗಸ, ರೋಟರಿ ಹ್ಯಾಮರ್‌ನಂಥ ಹೊಟ್ಟೆಬಾಕ ಉಪಕರಣಗಳಿಗೆ ಮೂಲ ತಯಾರಕರದ್ದೇ ಇರಲಿ. ಟಾರ್ಚ್, ಗಾಳಿ ಊದುವ ಬ್ಲೋವರ್, ಅಪರೂಪಕ್ಕೆ ಬಳಸುವ ಡ್ರಿಲ್‌ಗಳಿಗೆ ಬೇರೆಯವರದ್ದನ್ನು ಪರೀಕ್ಷಿಸಿ ಕೊಳ್ಳಬಹುದು. ಹಾಗೆ ಕೊಳ್ಳುವಾಗ ಸೆಲ್ ತಯಾರಕರ ಹೆಸರು, ತಯಾರಿಕೆಯ ದಿನಾಂಕ, ಸಾಗಣೆ ಸುರಕ್ಷತೆಯ ಯುಎನ್ 38.3 ಮತ್ತು ಬ್ಯಾಟರಿ ಸುರಕ್ಷತೆಯ ಐಇಸಿ 62133 ಪರೀಕ್ಷೆಗಳ ಉಲ್ಲೇಖ ಇವೆಯೇ ಎಂದು ಕೇಳಬೇಕು. ಲಿಥಿಯಂ ಸೆಲ್ ಕಪಾಟಿನಲ್ಲಿ ಕೂತೇ ಮುದಿಯಾಗುವುದರಿಂದ, ಮೂರು ನಾಲ್ಕು ವರ್ಷ ಗೋದಾಮಿನಲ್ಲಿದ್ದ ಮೂಲ ಪ್ಯಾಕ್ ಕೂಡ ಒಳ್ಳೆಯ ವ್ಯಾಪಾರವಲ್ಲ.

ಸೆಲ್‌ಗಳನ್ನು ತಾವೇ ಬದಲಿಸುವುದಾದರೆ

ಕವಚ ಮತ್ತು ಬೋರ್ಡ್ ಉಳಿಸಿಕೊಂಡು ಒಳಗಿನ ಸೆಲ್‌ಗಳನ್ನಷ್ಟೇ ಬದಲಿಸುವುದು ಸಾಧ್ಯ. ಆದರೆ ವಿದ್ಯುತ್ ಕೆಲಸದ ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕಬಾರದು, ಏಕೆಂದರೆ ಈ ಪ್ಯಾಕ್‌ಗೆ ಸ್ವಿಚ್ಚಿಲ್ಲ. ಕವಚ ತೆರೆದ ಕ್ಷಣದಿಂದ ಮುಚ್ಚುವವರೆಗೂ ಅದು ಜೀವಂತವಾಗಿರುತ್ತದೆ. ಉಂಗುರ, ಕೈಗಡಿಯಾರ ತೆಗೆದಿಟ್ಟು, ಕಣ್ಣಿಗೆ ರಕ್ಷಕ ಹಾಕಿಕೊಂಡು, ಹೊತ್ತಿಕೊಳ್ಳದ ಮೇಜಿನ ಮೇಲೆ ಕೆಲಸ ಮಾಡಬೇಕು.

ಮೊದಲು ಪ್ರತಿ ಜೋಡಿಯ ವೋಲ್ಟೇಜ್ ಬೇರೆಬೇರೆಯಾಗಿ ಅಳೆಯಬೇಕು. ನಾನು ತೆರೆದ ಒಂದು ಹಳೆಯ ಪ್ಯಾಕ್ ಹೊರತುದಿಗಳಲ್ಲಿ 18.26 ವೋಲ್ಟ್ ತೋರಿಸುತ್ತಿತ್ತು, ನೋಡಿದವರು ಆರೋಗ್ಯವಾಗಿದೆ ಎನ್ನುವಂತಿತ್ತು. ಒಳಗಿನ ಐದು ಜೋಡಿಗಳ ಅಳತೆ ಹೀಗಿತ್ತು: 3.92, 3.91, 3.92, 2.61, 3.90. ನಾಲ್ಕನೆಯ ಜೋಡಿಯೊಂದೇ ಇಡೀ ಪ್ಯಾಕನ್ನು ಹಿಡಿದು ಕೂರಿಸಿತ್ತು. ಚಾರ್ಜ್ ಮಾಡುವಾಗ ಉಳಿದ ನಾಲ್ಕು ಬೇಗ ತುಂಬಿ ಚಾರ್ಜರ್ ನಿಲ್ಲುತ್ತದೆ, ಬಳಸುವಾಗ ಇದು ಮೊದಲು ಬರಿದಾಗಿ ಉಪಕರಣ ನಿಲ್ಲುತ್ತದೆ. ಇಂಥಲ್ಲಿ ಆ ಒಂದು ಜೋಡಿಯನ್ನಷ್ಟೇ ಬದಲಿಸುವ ಆಸೆ ಸಹಜ. ಆದರೆ ಹೊಸ ಜೋಡಿಯ ಪಕ್ಕದಲ್ಲಿ ಹಳೆಯ ನಾಲ್ಕು ಇದ್ದರೆ ಕೆಲವೇ ತಿಂಗಳಲ್ಲಿ ಇನ್ನೊಂದು ಅದೇ ಸ್ಥಿತಿಗೆ ಬರುತ್ತದೆ. ಬದಲಿಸುವುದಾದರೆ ಹತ್ತನ್ನೂ, ಒಂದೇ ಮಾದರಿಯ, ಒಂದೇ ಬ್ಯಾಚ್‌ನಲ್ಲಿ ತಯಾರಾದ, ವೋಲ್ಟೇಜ್ ಸಮವಿರುವ ಸೆಲ್‌ಗಳಿಂದಲೇ ಬದಲಿಸಬೇಕು.

ಸೆಲ್‌ಗೆ ನೇರವಾಗಿ ಬೆಸುಗೆ ಹಾಕುವುದು ತಪ್ಪು. ಬೆಸುಗೆ ಕಡ್ಡಿಯ ಬಿಸಿ ಒಳಗಿನ ಪ್ಲಾಸ್ಟಿಕ್ ಪರದೆಯನ್ನೂ ಬಾಯಿ ಮುಚ್ಚಿದ ಸೀಲನ್ನೂ ಹಾಳುಮಾಡುತ್ತದೆ. ಸ್ಪಾಟ್ ವೆಲ್ಡರ್‌ನಿಂದ ನಿಕಲ್ ಪಟ್ಟಿ ಕೂರಿಸಬೇಕು, ಪಟ್ಟಿ ಅಪ್ಪಟ ನಿಕಲ್ ಆಗಿರಬೇಕು. ನಿಕಲ್ ಲೇಪಿಸಿದ ಉಕ್ಕಿನ ಪಟ್ಟಿಗೆ ರೋಧ ಹೆಚ್ಚು. ತುಂಡೊಂದನ್ನು ಕೆರೆದು ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಟ್ಟರೆ ಉಕ್ಕು ತುಕ್ಕು ಹಿಡಿದು ತನ್ನನ್ನು ತೋರಿಸಿಕೊಳ್ಳುತ್ತದೆ. ಧನ ತುದಿಯ ಸುತ್ತ ಕಾಗದದ ನಿರೋಧಕ ಉಂಗುರ ಇಡುವುದನ್ನು ಮರೆಯಬಾರದು, ಏಕೆಂದರೆ ಆ ತುದಿಯ ಅಂಚಿನವರೆಗೂ ಹಬ್ಬಿರುವ ಲೋಹದ ಡಬ್ಬಿಯೇ ಋಣ ತುದಿ. ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಕೆಲವು ಬೋರ್ಡ್‌ಗಳು ಸೆಲ್‌ ಬಿಚ್ಚಿದ ಕೂಡಲೇ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತವೆ. ಆ ಮಾದರಿಯಲ್ಲಿ ಹೀಗಾಗುತ್ತದೆಯೇ ಎಂದು ಸೆಲ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಬಂದ ಪ್ಯಾಕ್‌ನ ಪರೀಕ್ಷೆ, ಇಡುವ ಕ್ರಮ, ಕೊನೆಯ ವಿಲೇವಾರಿ

ಹೊಸ ಪ್ಯಾಕ್‌ನ ಮೊದಲ ಚಾರ್ಜ್ ಕಣ್ಣೆದುರೇ ಆಗಲಿ, ರಾತ್ರಿ ಮಲಗುವಾಗ ಬೇಡ. ಬೆಚ್ಚಗಾಗುವುದು ಸಹಜ, ಮುಟ್ಟಲಾಗದಷ್ಟು ಬಿಸಿಯಾದರೆ ಹಿಂತಿರುಗಿಸಬೇಕು. ಪೂರ್ತಿ ತುಂಬಿದ ಮೇಲೆ ಒಂದೇ ಹಲಗೆಯಲ್ಲಿ ಒಂದೇ ಬಿಟ್‌ನಿಂದ ಎಷ್ಟು ರಂಧ್ರ ಕೊರೆಯಲು ಸಾಧ್ಯವಾಯಿತೆಂದು ಎಣಿಸಿ ಬರೆದಿಟ್ಟುಕೊಂಡರೆ ಸಾಮರ್ಥ್ಯವನ್ನು ಹೋಲಿಸಲು ಬೇರೆ ಯಂತ್ರ ಬೇಡ. ವರ್ಷದ ನಂತರವೂ ಅದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಈ ಪರೀಕ್ಷೆಯನ್ನು ವಾಪಸಾತಿಯ ಗಡುವಿನೊಳಗೆ ಮುಗಿಸಬೇಕು.

0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಪ್ಯಾಕ್ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂಡಿಕೊಳ್ಳುತ್ತದೆ, ಅದು ಮತ್ತೆ ಸರಿಹೋಗದ ಹಾನಿ. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ 40ರಿಂದ 50 ಶೇಕಡ ಚಾರ್ಜ್ ಉಳಿಸಿ, ಉಪಕರಣದಿಂದ ತೆಗೆದು, ತಂಪಾದ ಒಣ ಜಾಗದಲ್ಲಿ ಇಡಬೇಕು. ಬಿಸಿಲಲ್ಲಿ ನಿಂತ ವಾಹನದೊಳಗೆ ಪೂರ್ತಿ ತುಂಬಿದ ಪ್ಯಾಕ್ ಬಿಡುವುದು ಅದರ ಆಯಸ್ಸನ್ನು ಕೈಯಾರೆ ಕಡಿದಂತೆ. ವಿಮಾನದಲ್ಲಿ ಒಯ್ಯುವವರು ವೋಲ್ಟ್‌ ಮತ್ತು ಆಂಪಿಯರ್-ಅವರ್‌ ಗುಣಿಸಿ ವ್ಯಾಟ್-ಅವರ್ ತಿಳಿದುಕೊಳ್ಳಬೇಕು: 18ನ್ನು 5ರಿಂದ ಗುಣಿಸಿದರೆ 90, ಅದು ವಿಮಾನಯಾನ ಸಂಸ್ಥೆಯ ಅನುಮತಿಯಿಲ್ಲದೆ ಒಯ್ಯಬಹುದಾದ 100ರ ಮಿತಿಯೊಳಗಿದೆ, 6ರ ಪ್ಯಾಕ್ 108 ಆಗಿ ಅನುಮತಿ ಕೇಳಬೇಕಾಗುತ್ತದೆ. ಬಿಡಿ ಪ್ಯಾಕ್ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಅಂಟಿಸಿರಬೇಕು.

ಹಳೆಯ ಪ್ಯಾಕ್‌ನ ತುದಿಗಳಿಗೂ ಹಾಗೆಯೇ ಟೇಪ್ ಸುತ್ತಿ ಇ-ತ್ಯಾಜ್ಯ ಅಥವಾ ಬ್ಯಾಟರಿ ಸಂಗ್ರಹ ಕೇಂದ್ರಕ್ಕೆ ಕೊಡಬೇಕು, ಮನೆಯ ಕಸದ ಬುಟ್ಟಿಗೆ ಹಾಕಬಾರದು. ಕಸದ ಲಾರಿಯ ಒತ್ತುಯಂತ್ರದೊಳಗೆ ನಜ್ಜುಗುಜ್ಜಾದ ಲಿಥಿಯಂ ಸೆಲ್ ಹೊತ್ತಿಕೊಳ್ಳುತ್ತದೆ. ಕವಚ ಬಿರಿದ, ಸಿಹಿಯಾದ ದ್ರಾವಕದಂಥ ವಾಸನೆ ಬರುವ ಅಥವಾ ಬಳಸದೆಯೂ ಬಿಸಿಯಾಗುವ ಪ್ಯಾಕನ್ನು ಚಾರ್ಜ್ ಮಾಡದೆ, ಬಿಚ್ಚದೆ, ಒಣ ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಅನಿಲ ಹೊರಹೋಗುವಂತೆ ಮುಚ್ಚಳವನ್ನು ಸಡಿಲವಾಗಿ ಹಾಕಿ, ಮನೆಯಿಂದ ದೂರ ಬಯಲಿನಲ್ಲಿ ಇಡಬೇಕು. ಕೇಂದ್ರಕ್ಕೆ ಒಯ್ಯುವ ಮೊದಲು ಅದರ ಸ್ಥಿತಿಯನ್ನು ಅಲ್ಲಿನವರಿಗೆ ಫೋನ್ ಮಾಡಿ ತಿಳಿಸಬೇಕು.